ಅಟ್ಟದಲ್ಲಿ ಸಿಕ್ಕ ಹಳೆ ಕೋವಿ ಮದ್ದು: ಕಣ್ಣು, ನೀರು, ಡಬ್ಬಿ ಚೀಟಿ, ಯಾವುದನ್ನು ನಂಬೋದು?

ಚಿತ್ರದುರ್ಗದ ನಮ್ಮ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಚೀಲ ಕರಿ ಪುಡಿ, ಚೀಟಿ ಇಲ್ಲದ ಒಂದು ಬಾಟಲಿ, ಹರ್ಕ್ಯುಲಿಸ್ ಯೂನಿಕ್ ಅಂತ (ಹರ್ಕ್ಯುಲಿಸ್ ಕಂಪನಿ, ಯೂನಿಕ್ ಅದರ ಒಂದು ಕೋವಿ ಮದ್ದು) ಬರೆದ ಒಂದು ಡಬ್ಬಿ ಸಿಕ್ಕವು. ಅಜ್ಜ ಮಿಲಿಟರಿಯಲ್ಲಿದ್ದವರು. ಅವರ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ), ರಿವಾಲ್ವರ್ ಎರಡನ್ನೂ ಅವರು ತೀರಿಕೊಂಡ ಮೇಲೆ ಠಾಣೆಗೆ ಒಪ್ಪಿಸಿದ್ದೆವು, ಮದ್ದು ಉಳಿದಿದ್ದು ಯಾರಿಗೂ ಗೊತ್ತಿರಲಿಲ್ಲ. ತೋಟದಲ್ಲಿ ಹಂದಿ ಕಾಟದಿಂದ ಬೇಸತ್ತಿದ್ದ ಚಿಕ್ಕಪ್ಪ "ಮದ್ದು ಮದ್ದೇ ಅಲ್ವೇನೋ, ನನ್ನ ಕೇಪಿನ ಕೋವಿಗೆ ಆಗುತ್ತೆ, ಕೊಡು" ಅಂದರು. ನನಗೆ ಎದೆ ಧಸಕ್ಕೆಂದಿತು.

ಮೊದಲು ಕಣ್ಣು, ಮೂಗು. ಬಾಟಲಿಯಲ್ಲಿದ್ದದ್ದು ಬೂದು ಬಣ್ಣದ ಸಣ್ಣ ಚಪ್ಪಟೆ ಬಿಲ್ಲೆ. ಯೂನಿಕ್ ಡಬ್ಬಿಯೊಳಗೂ ಅಂಥದ್ದೇ ಬಿಲ್ಲೆ. ಹಾಗಂತ ಎರಡೂ ಒಂದೇ ಅನ್ನೋಕಾಗಲ್ಲ, ಯಾಕಂದ್ರೆ ಬುಲ್ಸ್‌ಐ ಅನ್ನುವ ಇನ್ನೊಂದು ಮದ್ದು ಕೂಡ ಬಿಲ್ಲೆಯೇ, ಅದು ಯೂನಿಕ್‌ಗಿಂತ ಬೇಗ ಉರಿಯುತ್ತೆ. ರೆಡ್ ಡಾಟ್ ಅನ್ನುವ ಮದ್ದಿನಲ್ಲಿ ಕೆಂಪು ಬಿಲ್ಲೆ ಬೆರೆಸಿರುತ್ತಾರೆ, ಅದೊಂದು ಸುಳಿವು ಅಷ್ಟೇ. ಮೂಗು ಮಾತ್ರ ಒಂದು ಕೆಲಸಕ್ಕೆ ಬಂತು. ಹೊಗೆರಹಿತ ಮದ್ದು, ಅಂದರೆ ಈಗಿನ ತೋಟಾಗಳಲ್ಲಿ (ಕಾರ್ಟ್ರಿಡ್ಜ್) ಬಳಸುವ, ಹೊಗೆ ಕಡಿಮೆ ಬಿಡುವ ಮದ್ದು, ಚೆನ್ನಾಗಿದ್ದರೆ ಸ್ಪಿರಿಟ್‌ನಂಥ ವಾಸನೆ, ಕೆಟ್ಟರೆ ಹುಳಿ, ಘಾಟು. ಡಬ್ಬಿ ಮುಚ್ಚಳದ ಒಳಗೆ ತುಕ್ಕು, ಕೆಂಪು ಧೂಳು ಇತ್ತು. ಮದ್ದು ಕೊಳೆಯುವಾಗ ಬಿಡುವ ಆಮ್ಲದ ಗುರುತು ಅದು.

ನೀರು ಇದಕ್ಕಿಂತ ವಾಸಿ. ಚೀಲದ ಒಂದು ಚಿಟಿಕೆ ಲೋಟಕ್ಕೆ ಹಾಕಿದೆ, ನೀರು ಕಪ್ಪಾಯಿತು. ಕೋಟೆಯ ಬೀಸುವ ಕಲ್ಲುಗಳಲ್ಲಿ ಅರೆಯುತ್ತಿದ್ದರು ಅನ್ನುವ ಕರಿ ಮದ್ದು ಇದೇ ಜಾತಿ: ಪೆಟ್ಲುಪ್ಪು, ಇದ್ದಿಲು, ಗಂಧಕ, ಸುಮಾರು 75:15:10. ಬಾಟಲಿಯ ಬಿಲ್ಲೆ ಹಾಗೇ ಉಳಿಯಿತು. ಕರಿ ಮದ್ದೋ, ಹೊಗೆರಹಿತವೋ ಅನ್ನೋದಕ್ಕೆ ಇಷ್ಟು ಸಾಕು. ಚಿಕ್ಕಪ್ಪನಿಗೆ ಇದನ್ನೇ ತೋರಿಸಿದೆ. ಬಿಲ್ಲೆ ಮದ್ದಿನ ಒತ್ತಡ ಕರಿ ಮದ್ದಿಗಿಂತ ಬಲು ಹೆಚ್ಚು, ಅದನ್ನು ಕರಿ ಮದ್ದಿನ ಅಳತೆಯಲ್ಲಿ ಕೇಪಿನ ಕೋವಿಗೆ ತುಂಬಿದರೆ ನಳಿಗೆಯೇ ಸಿಡಿಯುತ್ತೆ, ಕೈ, ಕಣ್ಣು ಹೋಗುತ್ತೆ.

ಡಬ್ಬಿಯ ಚೀಟಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದುಕೊಂಡಿದ್ದೆ. ಹೆಸರು ನಿಜವಾದದ್ದೇ: ಯೂನಿಕ್ ಇವತ್ತೂ ಇದೆ, ಹರ್ಕ್ಯುಲಿಸ್‌ನ ಮದ್ದಿನ ವ್ಯವಹಾರ 1995ರಲ್ಲಿ ಅಲಯಂಟ್ ಅನ್ನುವ ಕಂಪನಿಗೆ ಹೋಯಿತು. ಆದರೆ ಖಾಲಿ ಡಬ್ಬಿಗೆ ಬೇರೆ ಮದ್ದು ಸುರಿದಿರಬಹುದಲ್ವಾ? ಮುಚ್ಚಳದ ಸೀಲು ಯಾವಾಗಲೋ ಒಡೆದಿತ್ತು.

ಕೊನೆಗೆ ಲೋಡ್ ಪಟ್ಟಿ, ಅಂದರೆ ಯಾವ ಗುಂಡಿಗೆ ಯಾವ ಮದ್ದು ಎಷ್ಟು ಅಂತ ಹೇಳುವ ಪಟ್ಟಿ. ಕುತೂಹಲಕ್ಕೆ ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಂದೇ ಮದ್ದು, ಒಂದೇ ಗುಂಡು, ಆದರೂ ಗರಿಷ್ಠ ಅಳತೆ ಬೇರೆ. ಅಳತೆ ಇರೋದು ಗ್ರೇನ್‌ನಲ್ಲಿ, ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ರಿವಾಲ್ವರ್ ತೋಟಾಗೆ ಬೇಕಾಗೋದೇ ಕೆಲವು ಗ್ರೇನ್, ತಪ್ಪಿ ಎರಡು ಸಲ ತುಂಬಿದರೂ ಒಳಗೆ ಹಿಡಿಯುತ್ತೆ, ಅದೇ ಅಪಾಯ. ಮದ್ದು ಯಾವುದು ಅಂತ ಖಚಿತವಿಲ್ಲದಿದ್ದರೆ ಪಟ್ಟಿ ಎಷ್ಟು ಒಳ್ಳೇದಿದ್ದರೂ ಉಪಯೋಗವಿಲ್ಲ. ಅದೂ ಅಲ್ಲದೆ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ನಮ್ಮಲ್ಲಿ ಅಪರಾಧ.

ಮೂರನ್ನೂ ನೆರಳಿನಲ್ಲಿ, ಒಲೆಯಿಂದ ದೂರ ಇಟ್ಟು, ಸಾಗಿಸುವ ಮೊದಲೇ ಠಾಣೆಗೆ ಫೋನ್ ಮಾಡಿದೆ. ಅವರೇ ಬಂದು ತೆಗೆದುಕೊಂಡು ಹೋದರು. ಚಿಕ್ಕಪ್ಪ ಈಗ ತೋಟಕ್ಕೆ ತಂತಿ ಬೇಲಿ ಹಾಕಿಸುತ್ತಿದ್ದಾರೆ.