ಬ್ರೇಕ್ ಮಾಸ್ಟರ್ ಸಿಲಿಂಡರ್: ಕಿಟ್ ಹಾಕಿಸೋದಾ, ಗುಜರಿಯದ್ದು ತರೋದಾ, ಹೊಸದೇ ಕೂರಿಸೋದಾ?

ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತಾಗ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗುತ್ತದಾ? ಒಂದೆರಡು ಸಲ ಪಂಪ್ ಹೊಡೆದರೆ ಮತ್ತೆ ಮೇಲೆ ಬರುತ್ತದಾ? ಚಕ್ರಗಳ ಹತ್ತಿರ ಎಲ್ಲೂ ಆಯಿಲ್ ಸೋರಿಲ್ಲ, ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ ಅಂದರೆ ಬಹುತೇಕ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಭಾಗ) ಒಳಗಿನ ಬಕೆಟ್ ವಾಷರ್, ಅಂದರೆ ಆಯಿಲ್ ಹಿಂದಕ್ಕೆ ಜಾರದಂತೆ ತಡೆಯುವ ರಬ್ಬರ್, ಸವೆದಿದೆ. ತುಳಿದ ಒತ್ತಡ ಚಕ್ರಕ್ಕೆ ಹೋಗದೆ ಅಲ್ಲೇ ಹಿಂದಕ್ಕೆ ಜಾರುತ್ತಿದೆ. ಇನ್ನೊಂದು ವಾರ ಓಡಿಸೋಣ ಅನ್ನುವ ರಿಪೇರಿ ಇದಲ್ಲ.

ನಮ್ಮ ಮನೆಯ ಮಾರುತಿ 800 ಮತ್ತು ಅಣ್ಣನ ಆಲ್ಟೊ, ಈ ಎರಡು ಕಾರುಗಳಲ್ಲಿ ನಾವು ಮೂರೂ ದಾರಿ ನೋಡಿದ್ದೇವೆ. ನಾವಿರುವುದು ಕರಾವಳಿಯಲ್ಲಿ. ಘಟ್ಟದ ಮೇಲಿನ ನೆಂಟರ ಮನೆಗೆ ಹೋಗಬೇಕಾದರೆ ಚಾರ್ಮಾಡಿ ಘಾಟಿ ಹತ್ತಿ ಇಳಿಯಲೇಬೇಕು. ಹಾಗಾಗಿ ಬ್ರೇಕ್ ವಿಷಯದಲ್ಲಿ ನಾನು ಹೇಳುವುದು ಸ್ವಲ್ಪ ಕಟ್ಟುನಿಟ್ಟಾಗಿಯೇ ಇರುತ್ತದೆ.

800ಕ್ಕೆ ಮೊದಲು ಹಾಕಿಸಿದ್ದು ಕಿಟ್, ಅಂದರೆ ಒಳಗಿನ ರಬ್ಬರ್ ವಾಷರ್‌ಗಳ ಸೆಟ್. "ಬಾಡಿ ಚೆನ್ನಾಗಿದೆ ಸಾರ್, ವಾಷರ್ ಹಾಕಿದ್ರೆ ಸಾಕು" ಅಂದರು ಮೆಕ್ಯಾನಿಕ್. ಕೆಲವು ನೂರು ರೂಪಾಯಿಯ ಮಾಲು. ಸಿಲಿಂಡರ್ ಇಳಿಸಿ, ಹಿಂದಿನ ಲಾಕ್ ತೆಗೆದು, ಆಯಿಲ್ ತಳ್ಳುವ ಎರಡೂ ಪಿಸ್ಟನ್ ಹೊರಗೆಳೆದು, ಹಳೇ ರಬ್ಬರ್ ಕಿತ್ತು ಹೊಸದು ಕೂರಿಸಿದರು. ಪೆಡಲ್ ಗಟ್ಟಿಯಾಗಿ, ಮೇಲೆಯೇ ಸಿಕ್ಕಿತು. ತುಂಬಾ ಖುಷಿಯಾಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದರೆ ಬೋರ್ ಒಳಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಗೋಡೆಯಲ್ಲಿ, ಸಣ್ಣ ಸಣ್ಣ ಗುಳಿಗಳು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಆಯಿಲ್ ಬದಲಿಸದಿದ್ದರೆ ಆ ನೀರಿನ ಅಂಶ ಲೋಹವನ್ನು ತಿನ್ನುತ್ತದೆ. ಗುಳಿ ಬಿದ್ದ ಗೋಡೆಗೆ ಎಷ್ಟು ಒಳ್ಳೆಯ ರಬ್ಬರ್ ಹಾಕಿದರೂ ಅದು ತರಚಿಕೊಂಡು ಹಾಳಾಗುತ್ತದೆ, ಅಲ್ವಾ? ಬೀಡಿನ (ಎರಕದ ಕಬ್ಬಿಣದ) ಸಿಲಿಂಡರ್ ಆದರೆ ಸ್ವಲ್ಪ ಉಜ್ಜಿ ನುಣುಪು ಮಾಡಬಹುದು. ಅಲ್ಯೂಮಿನಿಯಂ ಆದರೆ ಅದೂ ಬೇಡ, ಉಜ್ಜಿದರೆ ಒಳಗಿನ ಗಟ್ಟಿ ಲೇಪವೇ ಹೋಗುತ್ತದೆ.

ಕಿಟ್ ಹಾಕಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೋರ್ ಕನ್ನಡಿಯಂತೆ ನುಣುಪಾಗಿದ್ದರೆ, ಉಗುರು ಆಡಿಸಿದಾಗ ಎಲ್ಲೂ ತಡೆಯದಿದ್ದರೆ ಧಾರಾಳವಾಗಿ ಹಾಕಿಸಿ. ಆದರೆ ತೊಳೆಯುವಾಗ ಪಕ್ಕದಲ್ಲೇ ನಿಂತಿರಿ. ಕೆಲವು ಗ್ಯಾರೇಜುಗಳಲ್ಲಿ ಎಲ್ಲವನ್ನೂ ಪೆಟ್ರೋಲಿನಲ್ಲಿ ಅದ್ದುತ್ತಾರೆ. ಪೆಟ್ರೋಲ್, ಡೀಸೆಲ್, ಸಾಮಾನ್ಯ ಗ್ರೀಸ್ ತಗುಲಿದರೆ ಈ ರಬ್ಬರ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಅದನ್ನೇ ಸವರಿ ಕೂರಿಸಬೇಕು.

ಗುಜರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಣ್ಣ ಆಲ್ಟೊಗೆ ಒಂದು ತಂದು ಹಾಕಿಸಿದ, ಪೆಡಲ್ ಮೊದಲ ದಿನದಿಂದಲೇ ಸ್ಪಂಜಿನ ಹಾಗಿತ್ತು. ಬಿಚ್ಚಿ ಇಟ್ಟ ಸಿಲಿಂಡರ್ ತಿಂಗಳುಗಟ್ಟಲೆ ಒಣಗುತ್ತಾ, ತೇವ ಕುಡಿಯುತ್ತಾ ಬಿದ್ದಿರುತ್ತದೆ. ಒಳಗೆ ಏನಾಗಿದೆ ಅಂತ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ. ಬಾಗಿಲು, ಬಂಪರ್, ಲೈಟಿಗೆ ಗುಜರಿ ಸರಿ. ಬ್ರೇಕಿಗೆ ಬೇಡವೇ ಬೇಡ.

ಕೊನೆಗೆ ಎರಡೂ ಕಾರಿಗೆ ಹೊಸದನ್ನೇ ತಂದೆವು, 800ಕ್ಕೆ ಮಾರುತಿ ಜೆನ್ಯೂನ್, ಆಲ್ಟೊಗೆ ಹೆಸರಾದ ಬ್ರೇಕ್ ಕಂಪನಿಯದು. ಓಡಿಸುವಾಗ ನನಗೆ ಎರಡರಲ್ಲೂ ಏನೂ ವ್ಯತ್ಯಾಸ ಕಾಣಲಿಲ್ಲ. ಕಾರು ಕಂಪನಿಗಳು ಬ್ರೇಕ್ ಭಾಗಗಳನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಬ್ರೇಕ್ಸ್ ಇಂಡಿಯಾ, ಬಾಷ್ ಇಂಥವರು ಕಾರು ಕಂಪನಿಗೂ ಕೊಡುತ್ತಾರೆ, ಅಂಗಡಿಗೂ ಕೊಡುತ್ತಾರೆ. ಅಂಗಡಿಯಲ್ಲಿ ಮೂರನೆಯದೊಂದು ಪೆಟ್ಟಿಗೆಯನ್ನೂ ತೋರಿಸುತ್ತಾರೆ, ನಾವು ಹೆಸರೇ ಕೇಳಿರದ್ದು, ಅರ್ಧ ಬೆಲೆಯದ್ದು. ಅದನ್ನೂ ಒಮ್ಮೆ ಹಿಡಿದು ನೋಡಿದೆವು, ಪೈಪಿನ ನಟ್ ಕೈಯಲ್ಲಿ ಎರಡು ಸುತ್ತು ಕೂಡ ಹೋಗಲಿಲ್ಲ. ವಾಪಸ್ ಕೊಟ್ಟೆವು.

ಯಾವುದನ್ನೇ ತಂದರೂ ಹಳೆಯದರ ಪಕ್ಕದಲ್ಲಿಟ್ಟು ಬೋರ್ ಅಳತೆ ನೋಡಿ, ಹಲವು ಸಿಲಿಂಡರ್‌ಗಳ ಮೈಮೇಲೆಯೇ ಅದು ಅಚ್ಚಾಗಿರುತ್ತದೆ. 20.64 ಮಿಮೀ ಇರುವ ಜಾಗಕ್ಕೆ 22.22 ಬಂದರೆ ಪೆಡಲ್ ಗಟ್ಟಿಯಾಗುತ್ತದೆ, ನಿಲ್ಲಿಸಲು ಜಾಸ್ತಿ ಬಲ ಹಾಕಿ ತುಳಿಯಬೇಕಾಗುತ್ತದೆ. ಬೂಸ್ಟರ್‌ನಿಂದ (ಕಾಲಿನ ಬಲವನ್ನು ಹೆಚ್ಚಿಸುವ ಭಾಗ) ಬರುವ ರಾಡ್‌ಗೂ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಇದ್ದು ಬಿಸಿಯಾಗುತ್ತದೆ.

ಹೊಸದನ್ನು ಹಾಕಿಸಿದ ಮೇಲೂ ಪೆಡಲ್ ಮೆತ್ತಗಿದ್ದರೆ ಹೆಚ್ಚಿನ ಸಲ ತಪ್ಪು ಸಿಲಿಂಡರಿನದಲ್ಲ, ಒಳಗೆ ಉಳಿದ ಗಾಳಿಯದು. ಅದಕ್ಕೇ ಕಾರಿಗೆ ಕೂರಿಸುವ ಮೊದಲು ವೈಸಿನಲ್ಲಿ ಹಿಡಿದು, ಆಯಿಲ್ ಹೊರಬರುವ ಎರಡೂ ತೂತಿನಿಂದ ಟ್ಯೂಬ್ ತಂದು ಡಬ್ಬಿಯ ಆಯಿಲ್‌ನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಅನ್ನು ನಿಧಾನವಾಗಿ ಒತ್ತಿ ಬಿಡಬೇಕು. ಆಲ್ಟೊದ್ದನ್ನು ಹೀಗೆ ಮಾಡಿದೆವು, ಚಕ್ರದ ಬ್ರೇಕಿನ ನಿಪ್ಪಲ್‌ಗಳಲ್ಲಿ ಏರ್ ತೆಗೆಯುವ ಕೆಲಸ ಬೇಗ ಮುಗಿಯಿತು. 800ರದ್ದನ್ನು ಸುಮ್ನೆ ನೇರವಾಗಿ ಕೂರಿಸಿದ್ದರು, ಪಂಪ್ ಹೊಡೆದು ಹೊಡೆದು ಕಾಲು ಸೋತಿತ್ತು.

ಇನ್ನೊಂದು ಮಾತು, ಹಳೇ ಸಿಲಿಂಡರ್ ಇಟ್ಟುಕೊಂಡು ಬರೀ ಆಯಿಲ್ ಬದಲಿಸುವವರಿಗೆ. ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿಯಬೇಡಿ. ದಿನಾ ಓಡಿಸುವಾಗ ವಾಷರ್ ಬೋರಿನ ಒಂದು ಭಾಗದಲ್ಲಿ ಮಾತ್ರ ಓಡಾಡುತ್ತದೆ, ಅದರ ಆಚೆ ತುಕ್ಕು ಕೂತಿರುತ್ತದೆ. ನೆಲಕ್ಕೆ ತುಳಿದರೆ ವಾಷರ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ.

ಆಯಿಲ್‌ನ ಗ್ರೇಡ್ ಡಾಟ್ 3 ಅಥವಾ ಡಾಟ್ 4, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ, ಹಾಗಾಗಿ ಘಾಟಿ ಇಳಿಯುವವರಿಗೆ ಈ ಅಂತರ ಸಣ್ಣದಲ್ಲ. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲವಾದರೆ ಬಣ್ಣ ಎದ್ದು ಬರುತ್ತದೆ.

ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಇನ್ನೊಂದು ಪ್ರಶ್ನೆ ಇದೆ. ಆ ಯೂನಿಟ್ ಒಳಗೆ ಗಾಳಿ ಸೇರಿದರೆ ಅದನ್ನು ತೆಗೆಯಲು ಎಷ್ಟೋ ಕಾರುಗಳಲ್ಲಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಗ್ಯಾರೇಜಿನವರ ಹತ್ತಿರ ಅದು ಇದೆಯಾ ಅಂತ ಸಿಲಿಂಡರ್ ಬಿಚ್ಚುವ ಮೊದಲೇ ಕೇಳಿಕೊಳ್ಳಿ.