26 ತಿಂಗಳು, ಒಂದು ಗಾಳಿ ಪಂಪು, ಐದು ಪಿಎಸ್‌ಐ ಸುಳ್ಳು

ಈ ಪಂಪು ಕೊಂಡು 26 ತಿಂಗಳಾಯಿತು. ಮೊದಲ 14 ತಿಂಗಳಲ್ಲಿ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. 15ನೇ ತಿಂಗಳಲ್ಲಿ ಬರೆದಿದ್ದರೆ ಒಂದೇ ಸ್ಟಾರ್, ಜೊತೆಗೆ ನಾಲ್ಕು ಬೈಗುಳ. ಈಗ ಸಿಟ್ಟು ಇಳಿದಿದೆ. ಹಾಗಾಗಿ ಬರೆಯಲು ಕೂತಿದ್ದೇನೆ.

ವಸ್ತು ಏನು ಅಂತ ನಿಮಗೆ ಗೊತ್ತಿರುತ್ತದೆ. ಕಾರಿನ ಟೈರಿಗೆ ಮನೆಯಲ್ಲೇ ಗಾಳಿ ತುಂಬುವ, ಬ್ಯಾಟರಿಯಲ್ಲಿ ಓಡುವ, ಕೈಯಲ್ಲಿ ಹಿಡಿಯುವಂಥ ಡಿಜಿಟಲ್ ಪಂಪು. ಬೇಕಾದ ಪ್ರೆಷರ್ (ಅದನ್ನು ಅಳೆಯುವ ಮಾನವೇ ಪಿಎಸ್‌ಐ) ಒತ್ತಿಟ್ಟರೆ ಅಷ್ಟಕ್ಕೆ ತಾನೇ ನಿಲ್ಲುತ್ತದೆ. ಎಷ್ಟು ತೂಕ, ಎಷ್ಟು ವೋಲ್ಟ್ ಅನ್ನೋದೆಲ್ಲ ಡಬ್ಬಿಯ ಮೇಲೇ ಇದೆ. ಹೆಸರು ಹೇಳುವುದಿಲ್ಲ. ಬೇರೆ ಬೇರೆ ಹೆಸರು ಅಂಟಿಸಿಕೊಂಡು ಹೆಚ್ಚುಕಮ್ಮಿ ಇದೇ ಮುಖದ ಪಂಪುಗಳು ಎಷ್ಟೋ ಮಾರಾಟಕ್ಕಿವೆ.

ನನ್ನ ಕಥೆ ಇಷ್ಟು. ಮನೆಯಿಂದ ಕೆಲಸಕ್ಕೆ 46 ಕಿಲೋಮೀಟರ್. ಹೋಗಿ ಬಂದರೆ 92. ತಿಂಗಳಿಗೆ ಎರಡು ಸಾವಿರಕ್ಕೆ ಸ್ವಲ್ಪ ಜಾಸ್ತಿ. ನನ್ನ ಹಳೇ ಕಾರು ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ. ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 126 ಲೀಟರ್ ಪೆಟ್ರೋಲ್. ಸಂಬಳ ಬಂದ ದಿನವೇ ಈ ದುಡ್ಡನ್ನು ಬೇರೆ ಎತ್ತಿಡಬೇಕು, ಇಲ್ಲದಿದ್ದರೆ ತಿಂಗಳ ಕೊನೆಯ ವಾರ ಟ್ಯಾಂಕಿನ ಮುಳ್ಳು ನೋಡಿದರೇ ಎದೆ ಹೊಡೆದುಕೊಳ್ಳುತ್ತದೆ. ಮನೆ ಬದಲಾಯಿಸುವ ಹಾಗಿಲ್ಲ, ಕೆಲಸ ಬಿಡುವ ಹಾಗಿಲ್ಲ. ನನ್ನ ಹೊತ್ತಿಗೆ ಸರಿಹೊಂದುವ ಬಸ್ಸೂ ಇಲ್ಲ, ರೈಲೂ ಇಲ್ಲ. ಉಳಿದದ್ದು ಚಿಲ್ಲರೆ ಉಳಿತಾಯ. ಈ ಪಂಪು ಬಂದದ್ದು ಆ ಆಸೆಯಲ್ಲಿ. ಆಗ ತಾನೇ ನಾಲ್ಕೂ ಹೊಸ ಟೈರ್ ಹಾಕಿಸಿದ್ದೆ. ಪಂಪಿನ ಬೆಲೆ ಮುಕ್ಕಾಲು ಟ್ಯಾಂಕ್ ಪೆಟ್ರೋಲಿನಷ್ಟು.

ಬಂಕಿನಲ್ಲಿ ಗಾಳಿ ಹೊಡೆಸಿದರೆ ಸಾಲದಾ ಅಂತ ನೀವು ಕೇಳಬಹುದು. ನಾನೂ ಹತ್ತು ವರ್ಷ ಅದನ್ನೇ ಮಾಡಿದೆ. ತೊಂದರೆ ಏನೆಂದರೆ, ಕಾರಿನ ಬಾಗಿಲು ತೆಗೆದಾಗ ಕಾಣುವ ಚೀಟಿಯಲ್ಲಿ ಬರೆದಿರುವ ಪ್ರೆಷರ್ (ನನ್ನ ಕಾರಿಗೆ 33) ತಣ್ಣಗಿರುವ ಟೈರಿನದು. ತಣ್ಣಗೆ ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ನನಗೆ ಹತ್ತಿರದ ಬಂಕು 9 ಕಿಲೋಮೀಟರ್ ದೂರ. ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿ ಒಳಗಿನ ಗಾಳಿ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಅಲ್ಲಿನ ಹುಡುಗ 33 ನೋಡಿ "ಸರಿ ಇದೆ ಮೇಡಂ" ಅನ್ನುತ್ತಿದ್ದ. ಮರುದಿನ ಬೆಳಿಗ್ಗೆ ಅದೇ ಟೈರ್ 29ಕ್ಕೆ ಇಳಿದಿರುತ್ತಿತ್ತು. ಪ್ರತಿ ಒಂದು ಪಿಎಸ್‌ಐ ಕಮ್ಮಿಯಾದರೆ ಮೈಲೇಜ್ ಸುಮಾರು 0.2 ಶೇಕಡಾ ಬೀಳುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ ಹೇಳುತ್ತದೆ. ಕೇಳಲು ಸಣ್ಣದು. ಆದರೆ ತಿಂಗಳಿಗೆ 126 ಲೀಟರ್ ಸುಡುವವಳಿಗೆ ಸಣ್ಣದು ಅಂತ ಯಾವುದೂ ಇರುವುದಿಲ್ಲ.

(ಟೈರಿನ ಪಕ್ಕದಲ್ಲೇ ಅಚ್ಚೊತ್ತಿದ ಒಂದು ಪ್ರೆಷರ್ ಇರುತ್ತದೆ. ಅದು ಆ ಟೈರ್ ತಡೆಯುವ ಗರಿಷ್ಠ ಪ್ರೆಷರ್. ಅದನ್ನು ನೋಡಿ ಗಾಳಿ ತುಂಬಬೇಡಿ. ನನ್ನ ಅಣ್ಣ ತುಂಬುತ್ತಿದ್ದ.)

ಸರಿ, ಸೋಮವಾರದ ಬೆಳಿಗ್ಗೆಗಳ ಬಗ್ಗೆ ಹೇಳಲೇಬೇಕು. ಅವು ನನಗೆ ನಿಜಕ್ಕೂ ಇಷ್ಟ.

ಬಿಸಿಲು ಬೀಳುವ ಮೊದಲು, ಇನ್ನೂ ಯಾರೂ ಗಾಡಿ ತೆಗೆದಿರದ ಹೊತ್ತಲ್ಲಿ ಕೆಳಗಿಳಿಯುತ್ತೇನೆ. ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಹಳೇ ಕಾಲೊರೆಸು. ನೆಲದ ಮೇಲೆ ಬರಿದೇ ಇಟ್ಟರೆ ಪಂಪು ಕುಣಿಯುತ್ತಾ ಅರ್ಧ ಅಡಿ ದೂರ ಹೋಗುತ್ತದೆ, ಸದ್ದೂ ಇಮ್ಮಡಿ. ಕಾಲೊರೆಸಿನ ಮೇಲೆ ಇಟ್ಟರೆ ಗೊಣಗುತ್ತದೆ ಅಷ್ಟೇ. ಯಾವಾಗಲೂ ಹಿಂದಿನ ಎಡ ಟೈರಿನಿಂದ ಶುರು. ಯಾಕೆ ಅಂತ ಕೇಳಬೇಡಿ, ಹಾಗೇ ಅಭ್ಯಾಸ. ವಾಲ್ವಿನ ಕ್ಯಾಪ್ ಬಿಚ್ಚಿ ಅಂಗೈಯಲ್ಲಿ ಮುಚ್ಚಿಕೊಳ್ಳುತ್ತೇನೆ. ಕೆಳಗಿಟ್ಟರೆ ಅದು ಖಂಡಿತ ಕಾರಿನ ಅಡಿಗೇ ಉರುಳುತ್ತದೆ. ಪಂಪಿನ ತುದಿಯನ್ನು ತಿರುಗಿಸಿ ಕೂರಿಸುವಾಗ ಒಂದು ಕ್ಷಣ "ಚುಸ್" ಅನ್ನುತ್ತದೆ. ಆ ಸದ್ದು ಎಷ್ಟು ಚಿಕ್ಕದಿದ್ದರೆ ನನ್ನ ಕೈ ಅಷ್ಟು ಪಳಗಿದೆ ಅಂತ ಅರ್ಥ. ಪರದೆಯಲ್ಲಿ 31, 31.5, 32. ಆಮೇಲೆ 33ಕ್ಕೆ ಟಕ್ಕನೆ ನಿಲ್ಲುತ್ತದೆ. ಆ ನಿಶ್ಶಬ್ದ ಚೆನ್ನಾಗಿರುತ್ತದೆ. ನಾಲ್ಕನೇ ಟೈರಿನ ಹೊತ್ತಿಗೆ ಪೈಪಿನ ಹಿತ್ತಾಳೆ ತುದಿ ಬೆರಳು ಸುಡುವಷ್ಟು ಕಾದಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. ಅದಕ್ಕೇ ಸೆರಗೋ ದುಪಟ್ಟಾವೋ ಸುತ್ತಿ ಬಿಚ್ಚುತ್ತೇನೆ. ಎಲ್ಲ ಸೇರಿ ಹನ್ನೊಂದು ನಿಮಿಷ.

ಜೊತೆಗೆ ಒಂದು ನೋಟ್‌ಬುಕ್ಕೂ ಶುರುವಾಯಿತು. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಕಿಲೋಮೀಟರ್, ಲೀಟರ್, ಭಾಗಿಸಿದ ಉತ್ತರ. ಪಂಪಿಗೆ ಮುಂಚೆ 16.1 ಇತ್ತು. ಮೂರು ತಿಂಗಳಲ್ಲಿ 16.6 ಆಯಿತು. ತಿಂಗಳಿಗೆ ಹೆಚ್ಚುಕಮ್ಮಿ 3.8 ಲೀಟರ್ ಉಳಿತಾಯ. ಏಳೆಂಟು ತಿಂಗಳಲ್ಲಿ ಪಂಪಿನ ದುಡ್ಡು ವಾಪಸ್! ಕೆಲಸದ ಜಾಗದಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ನನ್ನ ಮಾತು ಕೇಳಿ ಇಬ್ಬರು ಕೊಂಡರು. ಅವರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಸ್ವಲ್ಪ ಬಿಗಿಯಾಗಿದ್ದಾರೆ.

ಒಂದೇ ಒಂದು ಸಂಗತಿ ಆ ಕಾಲದಲ್ಲಿ ನನಗೆ ಅರ್ಥವಾಗಲಿಲ್ಲ. ರಸ್ತೆ ಇದ್ದಕ್ಕಿದ್ದಂತೆ ಹಾಳಾಗಿತ್ತು. ದಿನಾ ಹೋಗುವ ಅದೇ ರಸ್ತೆಯಲ್ಲಿ ಸಣ್ಣ ಸಣ್ಣ ತಗ್ಗೂ ಸೊಂಟಕ್ಕೆ ಬಡಿಯುತ್ತಿತ್ತು. ಡ್ಯಾಶ್‌ಬೋರ್ಡ್ ಒಳಗೆ ಏನೋ ಗಿಲಗಿಲ ಅನ್ನಲು ಶುರುಮಾಡಿತು. ರಸ್ತೆ ಮಾಡಿದವರನ್ನು ಮನಸಾರೆ ಬೈದುಕೊಂಡೆ. ಸೀಟಿಗೆ ಒಂದು ದಿಂಬು ಬಂತು.

14ನೇ ತಿಂಗಳು, 28,000 ಕಿಲೋಮೀಟರಿಗೆ, ಟೈರ್ ಅದಲುಬದಲು ಮಾಡಿಸಲು ಅಂಗಡಿಗೆ ಹೋದೆ. ಟೈರಿನವರು ಮುಂದಿನ ಚಕ್ರದ ಮೇಲೆ ಹೆಬ್ಬೆರಳು ಎಳೆದು, ತಲೆ ಎತ್ತದೆ ಕೇಳಿದರು: "ಮೇಡಂ, ಗಾಳಿ ಜಾಸ್ತಿ ಹೊಡೆಸ್ತೀರಾ?"

ನನಗೆ ರೇಗಿತು. "ಪ್ರತಿ ಸೋಮವಾರ ಕರೆಕ್ಟಾಗಿ 33 ಇಡ್ತೀನಿ. ನೀವೇ ಅಳೆದು ನೋಡಿ."

ಅವರು ಅಳೆದರು. 41. ಬಿಸಿ ಟೈರ್ ಅಲ್ವಾ ಅಂತ ವಾದ ಮಾಡಿದೆ. ಅವರು ಏನೂ ಹೇಳಲಿಲ್ಲ. ಟೈರಿನ ಮೇಲಿನ ಗೀರುಗಳೊಳಗೆ ಅಳತೆಕಡ್ಡಿ ಇಳಿಸಿ ತೋರಿಸಿದರು. ಅಂಚಿನಲ್ಲಿ 5 ಮಿಲಿಮೀಟರ್, ನಡುವೆ 3. ಗಾಳಿ ಕಮ್ಮಿಯಿದ್ದರೆ ಟೈರಿನ ಎರಡೂ ಅಂಚು ಸವೆಯುತ್ತವೆ. ಜಾಸ್ತಿಯಾದರೆ ನಡುಭಾಗ ಉಬ್ಬಿ, ಅದೊಂದೇ ನೆಲ ಮುಟ್ಟಿ ಸವೆಯುತ್ತದೆ. 1.6 ಮಿಲಿಮೀಟರಿಗೆ ಬಂದರೆ ಟೈರಿನ ಆಯಸ್ಸು ಮುಗಿದ ಹಾಗೆ. ಎಲ್ಲಿ 1.6 ಮುಟ್ಟಿದರೂ ಅಷ್ಟೇ, ಅಂಚಿನಲ್ಲಿ ಎಷ್ಟು ರಬ್ಬರು ಉಳಿದಿದ್ದರೂ ಪ್ರಯೋಜನವಿಲ್ಲ.

ಅವರ ಮೀಟರನ್ನು ಒಂದು ರಾತ್ರಿಗೆ ಕೇಳಿ ತಂದೆ. ಬೆಳಿಗ್ಗೆ ತಣ್ಣನೆಯ ಟೈರಿಗೆ ಮೊದಲು ನನ್ನ ಪಂಪು ಹಚ್ಚಿದೆ: 33. ಆಮೇಲೆ ಅವರ ಮೀಟರು: 38. ಮಗಳು ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಾ ನೋಡುತ್ತಿದ್ದಳು. "ಅಮ್ಮಾ, ಅದು ಯಾವತ್ತಾದ್ರೂ ಸರಿ ತೋರಿಸಿತ್ತಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹೋದ್ಯೋಗಿಯೊಬ್ಬರ ಮೀಟರನ್ನೂ ತಂದು ನೋಡಿದೆ, 37.5. ಅಲ್ಲಿಗೆ ಅನುಮಾನ ತೀರಿತು.

ಅಂದರೆ ನನ್ನ 16.6 ಮೈಲೇಜ್ ಎಲ್ಲಿಂದ ಬಂತು ಅಂತ ಈಗ ಹೊಳೆಯಿತು. ಗಾಳಿ ಮಿತಿಮೀರಿದ ಟೈರ್ ಹಗುರವಾಗಿ ಉರುಳುತ್ತದೆ, ಪೆಟ್ರೋಲ್ ಸ್ವಲ್ಪ ಕಮ್ಮಿ ಕುಡಿಯುತ್ತದೆ. ನೆಲಕ್ಕೆ ತಾಗುವ ರಬ್ಬರು ಕಮ್ಮಿಯಾದ್ದರಿಂದ ಹಿಡಿತವೂ ಕಮ್ಮಿ. ಆ ಟೈರುಗಳಲ್ಲೇ ನಾನು ಒಂದು ಇಡೀ ಮಳೆಗಾಲ ಓಡಿಸಿದ್ದೆ. ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಡನ್ಲಪ್ ಒಬ್ಬ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ ಕಲ್ಲು ರಸ್ತೆಯಲ್ಲಿ ಎತ್ತಿಹಾಕದೆ ಮೆತ್ತಗೆ ಓಡಲಿ ಅಂತ ಆತ ಮಾಡಿದ್ದು ಅದು. ನಾನು ಅದೇ ಗಾಳಿಯನ್ನು ಕಲ್ಲು ಮಾಡಿಕೊಂಡು, ಸೊಂಟಕ್ಕೆ ದಿಂಬು ಕಟ್ಟಿಕೊಂಡು, ರಸ್ತೆಯನ್ನು ಬೈಯುತ್ತಿದ್ದೆ.

ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ, ಆದರೂ ಹಾಕಿದೆ. ಹದಿನಾಲ್ಕು ತಿಂಗಳಲ್ಲಿ ಉಳಿಸಿದ ಪೆಟ್ರೋಲ್ 53 ಲೀಟರ್. ಹಿಂದಿನ ಟೈರುಗಳು 48,000 ಕಿಲೋಮೀಟರ್ ಬಂದಿದ್ದವು, ಇವು 32,000ಕ್ಕೇ ಮುಗಿದವು. ಮೂರರಲ್ಲಿ ಒಂದು ಪಾಲು ಆಯಸ್ಸು ಹೋಯಿತು. ನಾಲ್ಕು ಟೈರಿನ ಬೆಲೆ ನನ್ನ ಎರಡು ತಿಂಗಳ ಪೆಟ್ರೋಲಿಗೆ ಸಮ, ಅಂದರೆ 250 ಲೀಟರ್. ಅದರಲ್ಲಿ ಮೂರನೇ ಒಂದು ಪಾಲು 83 ಲೀಟರ್. ಪಂಪಿನ ಬೆಲೆ ಇನ್ನೂ ಸೇರಿಸಿಲ್ಲ. ನೋಟ್‌ಬುಕ್ಕಿನಲ್ಲಿ ಪೆಟ್ರೋಲಿಗೆ ಮಾತ್ರ ಕಾಲಂ ಇತ್ತು, ಟೈರಿಗೆ ಇರಲಿಲ್ಲ. ದಡ್ಡತನದಲ್ಲಿ ನನ್ನದೂ ಪಾಲಿದೆ ಅಂತ ಒಪ್ಪಿಕೊಳ್ಳುತ್ತೇನೆ.

ಕಂಪನಿಗೆ ಬರೆದೆ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಬಿಲ್ ಕಳಿಸಿ ಅಂದರು, ಕಳಿಸಿದೆ. ಮೂರು ವಾರ ಮೌನ. ಆಮೇಲೆ ವಾರಂಟಿ 12 ತಿಂಗಳಿಗೇ ಮುಗಿದಿದೆ ಅಂತ ಒಂದು ಸಾಲು, ಕೊನೆಯಲ್ಲಿ ನಗುಮುಖದ ಚಿತ್ರ. ಆ ನಗುಮುಖವನ್ನು ನಾನು ಮರೆತಿಲ್ಲ.

ಒಂದು ತಿಂಗಳು ಪಂಪನ್ನು ಡಿಕ್ಕಿಯಲ್ಲಿ ಎಸೆದಿಟ್ಟೆ. ಮತ್ತೆ ಬಂಕು, ಮತ್ತೆ ಬಿಸಿ ಟೈರು, ಮತ್ತೆ "ಸರಿ ಇದೆ ಮೇಡಂ". ಸೋಮವಾರದ ಬೆಳಿಗ್ಗೆ ಖಾಲಿ ಖಾಲಿ ಅನ್ನಿಸಿತು. ಆಮೇಲೆ ಒಂದು ರಾತ್ರಿ ಕೆಲಸ ಮುಗಿಸಿ ಬರುವಾಗ, ಮನೆಗೆ ಇನ್ನೂ 30 ಕಿಲೋಮೀಟರ್ ಇರುವಾಗ, ಹಿಂದಿನ ಟೈರಿಗೆ ಮೊಳೆ ಚುಚ್ಚಿತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿ ಇಲ್ಲ! ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಪಂಕ್ಚರಾಗದಿದ್ದರೂ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುತ್ತಲೇ ಇರುತ್ತದೆ. ಡಿಕ್ಕಿಯ ಮೂಲೆಯಲ್ಲಿ ಈ ಸುಳ್ಳ ಪಂಪು ಬಿದ್ದಿತ್ತು. ಐದಾರು ನಿಮಿಷದಲ್ಲಿ ಸ್ಟೆಪ್ನಿ ಗಟ್ಟಿಯಾಯಿತು. ಮನೆಗೆ ಬಂದು ಅದನ್ನು ಒರೆಸಿ ಚಾರ್ಜಿಗೆ ಹಾಕಿದೆ. ಮಾತಾಡಲಿಲ್ಲ, ಆದರೆ ಹಾಕಿದೆ.

ಈಗ ನಡೆಯುತ್ತಿರುವ ವ್ಯವಸ್ಥೆ ಇದು. ಬೇರೆಯದಾಗಿ ಒಂದು ಮುಳ್ಳಿನ ಮೀಟರು ಕೊಂಡೆ, ಗಡಿಯಾರದ ಮುಖದಂಥದ್ದು, ಬ್ಯಾಟರಿ ಬೇಡ. ಟೈರಿನವರ ಮೀಟರಿನ ಪಕ್ಕ ಇಟ್ಟು ನೋಡಿದ್ದೇನೆ, ಎರಡೂ ಒಂದೇ ಹೇಳುತ್ತವೆ. ಪಂಪಿನ ಕೆಲಸ ತುಂಬುವುದು ಮಾತ್ರ, ಅಳೆಯುವುದು ಮೀಟರಿನ ಕೆಲಸ. ಮಗಳು ಪಂಪಿನ ಬೆನ್ನಿಗೆ ಬಿಳಿ ಟೇಪು ಅಂಟಿಸಿ "28 ಅಂದ್ರೆ 33" ಅಂತ ಬರೆದಿದ್ದಾಳೆ. ಅದೂ ಪೂರ್ತಿ ನಂಬುವಂತಿಲ್ಲ. ಪಂಪು ಕಾದ ಮೇಲೆ ಆ ಐದು ಕೆಲವೊಮ್ಮೆ ನಾಲ್ಕಾಗುತ್ತದೆ, ಕೆಲವೊಮ್ಮೆ ಆರು. ಚಳಿ ಹಿಡಿದಾಗ ಟೈರಿನ ಪ್ರೆಷರ್ ನಿಜವಾಗಿಯೂ ಇಳಿಯುತ್ತದೆ, ಪ್ರತಿ ಆರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಅದು ಪಂಪಿನ ತಪ್ಪಲ್ಲ. ಬ್ಯಾಟರಿ ಸೋತಿದೆ. ಮೊದಲು ಒಂದು ಚಾರ್ಜಿಗೆ ಎರಡು ಸೋಮವಾರ ಬರುತ್ತಿತ್ತು, ಈಗ ಒಂದೇ.

ಹೊಸ ಟೈರುಗಳು 20,000 ಕಿಲೋಮೀಟರ್ ಓಡಿವೆ. ಅಂಚೂ ನಡುವೂ ಸಮನಾಗಿ ಸವೆಯುತ್ತಿವೆ. ಮೈಲೇಜ್ 16.4. ದಿಂಬು ವಾಪಸ್ ಸೋಫಾಕ್ಕೆ ಹೋಯಿತು.

ಖರ್ಚಿನ ವಿಷಯದಲ್ಲಿ ಇನ್ನೊಂದು ನಿಜ ಹೇಳಿಬಿಡುತ್ತೇನೆ. ಪೆಟ್ರೋಲ್ ಉಳಿಸಲು ಅಂತಲೇ ಈ ಪಂಪು ಕೊಳ್ಳುವವರಿಗೆ ನಿರಾಸೆಯಾಗುತ್ತದೆ. ವಾರಕ್ಕೆ ಎರಡು ದಿನ ಸಹೋದ್ಯೋಗಿಯ ಕಾರಲ್ಲಿ ಹೋಗುತ್ತೇನೆ, ಎರಡು ದಿನ ಅವರು ನನ್ನ ಕಾರಲ್ಲಿ. ಅದರ ಮುಂದೆ ಗಾಳಿಯ ಉಳಿತಾಯ ಲೆಕ್ಕಕ್ಕೇ ಇಲ್ಲ. ದೊಡ್ಡ ರಸ್ತೆಯಲ್ಲಿ 100ರ ಬದಲು 80ರಲ್ಲಿ ಹೋಗುವುದೂ ಹಾಗೇ. ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದರಿಂದ, ಅಷ್ಟು ಇಳಿಸಿದರೆ ಆ ತಡೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಮ್ಮಿಯಾಗುತ್ತದೆ. ನನಗೆ ಆರೇಳು ನಿಮಿಷ ತಡವಾಗುತ್ತದೆ, ಅಷ್ಟೇ. ಇವೆರಡಕ್ಕೂ ಯಾವ ಸಾಮಾನೂ ಕೊಳ್ಳಬೇಕಿಲ್ಲ. ಆದರೆ ಟೈರಿನ ದುಡ್ಡು ಉಳಿಯಬೇಕು, ರಾತ್ರಿ ದಾರಿಯಲ್ಲಿ ಧೈರ್ಯ ಬೇಕು ಅನ್ನುವವರು ಕೊಳ್ಳಿ. ಜೊತೆಗೆ ಒಂದು ಮುಳ್ಳಿನ ಮೀಟರು ಅದೇ ದಿನ ಕೊಳ್ಳಿ, ನನ್ನ ಹಾಗೆ 14 ತಿಂಗಳು ಕಾಯಬೇಡಿ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ, ಮನೆ ಪಕ್ಕದಲ್ಲೇ ಬಂಕು ಇರುವವರಿಗೆ ಇದು ಸುಮ್ನೆ ಖರ್ಚು.

ಮೂರು ಸ್ಟಾರ್ ಕೊಡುತ್ತಿದ್ದೇನೆ. ಎರಡೂವರೆ ಅಂದುಕೊಂಡಿದ್ದೆ. ಅರ್ಧ ಆ ಸ್ಟೆಪ್ನಿಯ ರಾತ್ರಿಗೆ.

ಈ ಸೋಮವಾರ ಮೂರು ಟೈರು 33ಕ್ಕೆ ಬಂದವು, ನಾಲ್ಕನೆಯದು 34. ಉಗುರಿನಿಂದ ವಾಲ್ವ್ ಒತ್ತಿ ಒಂದು ಚುಸ್ ಬಿಟ್ಟೆ. ಮತ್ತೆ ಮೀಟರು ಇಟ್ಟೆ, ಮುಳ್ಳು 33ಕ್ಕೆ ನಿಂತಿತು. ಪಂಪಿನ ಪರದೆ ಇನ್ನೂ 28 ಅನ್ನುತ್ತಿತ್ತು.