ಭಾವನೆ ಕಾರ್ಡ್ ಸೆಟ್: ಮುಖದ ಕಾರ್ಡು ಸುಮಾರು, ಕಥೆ ಕಾರ್ಡು ಸೂಪರ್

ಮಕ್ಕಳಿಗೆ ಅಂತ ಈ ಭಾವನೆ ಕಾರ್ಡ್ ಸೆಟ್ ತರಿಸಿ ಎರಡು ತಿಂಗಳಾಯ್ತು, 450 ರೂಪಾಯಿ, 40 ಕಾರ್ಡು, ಎಲ್ಲಾ ಕನ್ನಡದಲ್ಲೇ ಇದೆ ಅಂತ ಖುಷಿಯಾಗಿ ತಗೊಂಡಿದ್ದು. 32ರಲ್ಲಿ ಬರೀ ಮುಖ, ಉಳಿದ 8ರಲ್ಲಿ ಪುಟ್ಟ ಕಥೆ.

ಮುಖದ ಕಾರ್ಡು ಅಷ್ಟಕ್ಕಷ್ಟೇ. ಚಿಕ್ಕವಳು ಒಂದನ್ನ ನೋಡಿ "ಇವಳಿಗೆ ನಿದ್ದೆ ಬಂದಿದೆ" ಅಂದ್ಲು, ತಿರುಗಿಸಿದ್ರೆ ಹಿಂದೆ 'ದುಃಖ' ಅಂತಿದೆ, ನಂಗೂ ಅದು ನಿದ್ದೆ ಥರಾನೇ ಕಾಣ್ಸಿದ್ದು.

ಕಥೆ ಕಾರ್ಡು ಮಾತ್ರ ತುಂಬಾ ಚೆನ್ನಾಗಿದೆ. ಒಬ್ಬಳು ಗೋಲೀನ ಬುಟ್ಟೀಲಿಟ್ಟು ಆಚೆ ಹೋಗ್ತಾಳೆ, ಇನ್ನೊಬ್ಬಳು ಅದನ್ನ ತೆಗೆದು ಡಬ್ಬಿಗೆ ಹಾಕ್ತಾಳೆ, ಮೊದಲನೇಳು ವಾಪಸ್ ಬಂದು ಎಲ್ಲಿ ಹುಡುಕ್ತಾಳೆ? 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ, ಯೂಟಾ ಫ್ರಿತ್ ಅನ್ನೋ ಮೂರು ಜನ ಮನಶ್ಶಾಸ್ತ್ರಜ್ಞರು, ಇನ್ನೊಬ್ಬರ ತಲೇಲಿ ಏನಿದೆ ಅಂತ ಮಕ್ಕಳಿಗೆ ಗೊತ್ತಾಗುತ್ತಾ ಅಂತ ನೋಡೋಕೆ ಬೊಂಬೆ ಇಟ್ಕೊಂಡು ಮಾಡಿದ ಪರೀಕ್ಷೆ ಇದೇ. ನಾನು ಮನೇಲಿ ಚಕ್ಲಿ ಇಟ್ಟು ಮಾಡ್ದೆ, ನಮ್ಮತ್ತೆ ಪ್ಲಾಸ್ಟಿಕ್ ಡಬ್ಬೀಲಿಟ್ಟು ದೇವರ ಮನೆಗೆ ಹೋದ್ರು, ನಾನು ಮಕ್ಕಳ ಕಣ್ಮುಂದೆನೇ ಸ್ಟೀಲ್ ಡಬ್ಬಿಗೆ ಸುರಿದೆ, ಅಜ್ಜಿ ಎಲ್ಲಿ ನೋಡ್ತಾರೆ ಅಂದ್ರೆ ಮೂರು ವರ್ಷದವಳು ಥಟ್ಟಂತ ಸ್ಟೀಲ್ ಡಬ್ಬಿ ತೋರಿಸಿದ್ಲು, ಆರು ವರ್ಷದವನು "ಇಲ್ಲ ಕಣೇ, ಅಜ್ಜಿಗೆ ಗೊತ್ತಿಲ್ವಲ್ಲಾ ಪಾಪ" ಅಂದ. ಆ 'ಗೊತ್ತಿಲ್ವಲ್ಲಾ' ಕೇಳಿ ನಂಗೆ ಮೈ ಜುಮ್ಮಂತು.

ಬಲಗಿವಿಯಿಂದ ಸ್ವಲ್ಪ ಮೇಲೆ, ಹಿಂದಕ್ಕೆ, ಮೆದುಳಿನ ಒಂದು ಭಾಗ ಇದೆ. ಇನ್ನೊಬ್ಬರು ಏನಂದ್ಕೊಂಡಿದಾರೆ ಅನ್ನೋ ಕಥೆ ಓದುವಾಗ ಅದು ಜೋರಾಗಿ ಕೆಲಸ ಮಾಡುತ್ತೆ, ಅದೇ ಆ ಮನುಷ್ಯ ನೋಡೋಕೆ ಹೇಗಿದಾನೆ ಅಂತ ಓದುವಾಗ ಅಷ್ಟಿಲ್ಲ, ಮೆದುಳಿನ ಬಗ್ಗೆ ಸಂಶೋಧನೆ ಮಾಡೋ ರೆಬೆಕಾ ಸ್ಯಾಕ್ಸ್ ಮತ್ತೆ ನ್ಯಾನ್ಸಿ ಕಾನ್ವಿಶರ್ 2003ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದ್ದು. ಅದಕ್ಕೇ ಹೇಳ್ತಿರೋದು, 32 ಮುಖ 8 ಕಥೆ ಅನ್ನೋ ಲೆಕ್ಕ ಉಲ್ಟಾ ಆಗ್ಬೇಕಿತ್ತು.

ನಂಗೆ ನಿಜವಾಗ್ಲೂ ನೋವಾಗಿದ್ದು ಜೊತೇಲಿ ಬಂದ ಚೀಟಿ ನೋಡಿ, 'ಆಟಿಸಂ ಇರೋ ಮಕ್ಕಳಿಗೆ ಬೇರೆಯವರ ಭಾವನೆ ಅರ್ಥವಾಗುವುದಿಲ್ಲ' ಅಂತ ಬರ್ದುಬಿಟ್ಟಿದಾರೆ. 1985ರ ಪರೀಕ್ಷೇಲಿ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಜನ ಗೋಲಿ ಈಗಿರೋ ಜಾಗ ತೋರಿಸಿದ್ದು ನಿಜ, ಆದ್ರೆ ಉಳಿದ ನಾಲ್ಕು ಜನ ಸರಿಯಾಗೇ ಹೇಳಿದ್ರಲ್ಲ, ಅದೂ ಅಲ್ದೆ ಬೊಂಬೆ ಗೋಲೀನ ಎಲ್ಲಿ ಹುಡುಕುತ್ತೆ ಅಂತ ಹೇಳೋದೂ ಪಕ್ಕದೋರ ನೋವಿಗೆ ಕರಗೋದೂ ಒಂದೇನಾ? ನಮ್ಮಣ್ಣನ ಮಗನಿಗೆ ಆಟಿಸಂ ಇದೆ, ನಮ್ಮಪ್ಪ ತೀರ್ಕೊಂಡಾಗ ನನ್ನ ಪಕ್ಕ ಬಂದು ಮಾತಿಲ್ದೆ ಸೆರಗಿನ ತುದಿ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ದ. ಅರ್ಥವಾಗದೇ ಇರೋದು ಆಟಿಸಂ ಇರೋರು, ಇಲ್ದೋರು, ಎರಡೂ ಕಡೆಯಿಂದ ಅಂತ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದ್ರು, ಅವರೂ ಆಟಿಸಂ ಇರೋರೇ.

ಕಥೆ ಕಾರ್ಡಿಗೋಸ್ಕರ ತಗೊಳ್ಳಿ, ಐದಕ್ಕೆ ಮೂರೂವರೆ ಸ್ಟಾರ್. ಚೀಟಿ ಬದಲಾಯಿಸಿ ಅಂತ ಕಂಪನಿಗೆ ಮೇಲ್ ಹಾಕಿದೀನಿ, ನೀವೂ ಹಾಕಿ.